ನಿಮ್ಮ ಕಲ್ಲಿನ ಊರು ನೋಡಿ ಬಂದೆವು

ಮೇಷ್ಟ್ರೇ,

'ಪ್ರೀತಿಯ' ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. 'ಪೂಜ್ಯ' ಎಂದು ಬರೆಯಲು ಕೈ ಬರಲಿಲ್ಲ. ಬರೀ ಮೇಷ್ಟ್ರೇ ಸಾಕು. ಜರ್ಮನಿಯ ಈ ಆಖೆನ್‌ನ ಕನ್ನಡದವರೆಲ್ಲ ನಿಮ್ಮನ್ನು ಪ್ರೊಫೆಸರ್ ಎನ್ನುವಾಗ ಮಂಗಳೂರಿನವನು ನಾನೊಬ್ಬ ಹಾಗೆ ಕರೆಯುತ್ತಿದ್ದೆ, ನಿಮಗೂ ಅದು ಇಷ್ಟವಿತ್ತು. ನೀವು ತೀರಿಹೋಗಿ ವರ್ಷದ ಮೇಲಾಯಿತು. ಈ ಬೇಸಿಗೆಯಲ್ಲಿ ನಾನು ಮತ್ತು ನಿಮ್ಮ ಮನೆಯ ಲಲಿತಮ್ಮ ನಿಮ್ಮ ಊರು ನೋಡಿ ಬಂದೆವು. ಮೈಸೂರಲ್ಲ ಮಾರಾಯ್ರೆ. ವರ್ಷವರ್ಷವೂ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ನೀವು ಒಬ್ಬರೇ ಓಡುತ್ತಿದ್ದಿರಲ್ಲ, ಇಟಲಿಯ ಸಮುದ್ರದ ಬದಿಯ ಆ ಹಳ್ಳಿ.

ನೆನಪುಂಟಾ, ಊರ್ಲಾಬ್ ಎನ್ನುವ ಆ ಬೇಸಿಗೆ ರಜ ಮುಗಿಸಿ ಬಂದ ಮೊದಲ ಭಾನುವಾರ ನಮ್ಮನ್ನು, ಅಂದರೆ ನಿಮ್ಮ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಬಡಪಾಯಿಗಳನ್ನು, ಮನೆಗೆ ಕರೆದು ಫೋಟೊ ತೋರಿಸುತ್ತಿದ್ದಿರಿ? ಒಂದು ಗೋಡೆ. ಆಮೇಲೆ ಇನ್ನೊಂದು ಗೋಡೆ. ಆಲಿವ್ ಮರ, ಮತ್ತೊಂದು ಆಲಿವ್ ಮರ, ಕಮಾನು ಬಾಗಿಲು. 'ನೂರಾರು ವರ್ಷದ ಕಲ್ಲು ಕಣ್ರೋ, ಮುಟ್ಟಿದ್ರೆ ಮೈ ಜುಂ ಅನ್ನುತ್ತೆ' ಎಂದು ನೀವು ಹೇಳುವಾಗ ನಾವು ಆಕಳಿಕೆ ನುಂಗುತ್ತಿದ್ದೆವು. ಒಂದು ಫೋಟೊದಲ್ಲೂ ಮನುಷ್ಯರಿರಲಿಲ್ಲ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ಲಲಿತಮ್ಮ ಕೇಳಿದಾಗಲೆಲ್ಲ ನಿಮ್ಮದು ಒಂದೇ ಉತ್ತರ: 'ನಿನಗಲ್ಲಿ ಊಟ ಸಿಗಲ್ಲ ಲಲಿತಾ. ಬೆಳ್ಳುಳ್ಳಿ ಇಲ್ಲದೆ ಏನೂ ಮಾಡಲ್ಲ ಆ ಜನ.' ಎಂಥಾ ಕಾಳಜಿ!

ವಸಂತ ಶುರುವಾದಾಗ ಒಂದು ಸಂಜೆ ಅಮ್ಮ ಫೋನ್ ಮಾಡಿದರು. "ಜಗದೀಶ, ನಿನ್ನ ಕಾರಲ್ಲಿ ನನ್ನನ್ನ ಆ ಊರಿಗೆ ಕರ್ಕೊಂಡು ಹೋಗ್ತೀಯಾ? ಅಲ್ಲಿ ಯಾರಿದ್ರು ಅಂತ ನೋಡಬೇಕು."

"ಯಾರು ಅಮ್ಮ?"

"ಗೊತ್ತಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ?" ಎಂದರು. "ಪ್ರತಿ ಸಲ ಹೋಗುವಾಗ ಹುಡುಗನ ಹಾಗೆ ಶೀಟಿ ಹೊಡ್ಕೊಂಡು ಹೋಗ್ತಿದ್ರು ಕಣೋ. ನಾನು ಸಾಯೋಕೆ ಮುಂಚೆ ತಿಳ್ಕೋಬೇಕು. ಇಲ್ಲದಿದ್ರೆ ಇಷ್ಟು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ ಹೇಳು?"

ಬೇಸಿಗೆಗೆ ಹೋಗುವ ಎಂದೆ. ನೀವು ಮಾಡಿಟ್ಟು ಹೋದದ್ದಕ್ಕೆ ಉತ್ತರ ಕೊಡಲು ನಾನೇ ಆಗಬೇಕಿತ್ತಾ...

ಆ ಊರಿನ ಒಳಗೆ ಕಾರು ಬಿಡುವುದಿಲ್ಲ ಎಂದು ನೀವು ಯಾವತ್ತಾದರೂ ಹೇಳಿದ್ದಿರಾ? ಕೆಳಗೆ ಪಾರ್ಕ್ ಮಾಡಿ, ಮೊಣಕಾಲು ನೋವಿನ ಅಮ್ಮನನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾ ನಿಮಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಮೇಲೆ ಹೋಗಿ ನೋಡಿದರೆ ಎಂತ ಉಂಟು? ಸಂದಿ, ಸಂದಿಯೊಳಗೆ ಸಂದಿ, ಚರಂಡಿ ವಾಸನೆ. ಅರ್ಧ ಮನೆಗಳಿಗೆ ಬೀಗ. ಉಳಿದರ್ಧದ ಬಾಗಿಲ ಮೇಲೆ ಜರ್ಮನ್ ಹೆಸರುಗಳು. ಆ ಪುರಾತನ ಹಳ್ಳಿಯಲ್ಲಿ ಈಗ ಹುಟ್ಟುವವರೂ ಇಲ್ಲ, ಸಾಯುವವರೂ ಇಲ್ಲ, ಎಲ್ಲರೂ ರಜಕ್ಕೆ ಬಂದವರೇ. ಅಂಗಡಿಗಳಲ್ಲಿ ಆಲಿವ್ ಎಣ್ಣೆಯ ಸೋಪು, ಆಲಿವ್ ಮರದ ಸೌಟು. ನಮ್ಮ ಸ್ಟುಟ್‌ಗಾರ್ಟ್ ಕಡೆಯ ಗಂಡ ಹೆಂಡತಿ ಇಬ್ಬರು ಕೈಯಲ್ಲಿ ಕೋಲು ಹಿಡಿದು, ಒಂದು ಬಡಕಲು ಬೆಕ್ಕಿನ ಎದುರು ನಿಂತು 'ವುಂಡರ್‌ಶೋನ್, ವುಂಡರ್‌ಶೋನ್' ಎಂದು ಅದರ ಚಂದ ಹೊಗಳುತ್ತಿದ್ದರು. ಬೆಕ್ಕಿಗೇ ನಾಚಿಕೆಯಾಗಿ ಎದ್ದು ಹೋಯಿತು.

ಮರುದಿನ ಬೆಳಿಗ್ಗೆ ನಿಮ್ಮ 'ಸ್ವರ್ಗ'ದ ದಾರಿ ಹಿಡಿದೆವು, ಊರ ಹಿಂದಿನ ಆಲಿವ್ ತೋಟಗಳು. ಸ್ವರ್ಗದಲ್ಲಿ ಇಷ್ಟು ಧೂಳಿದ್ದರೆ ನನಗೆ ಬೇಡ. ಕುಸಿದ ಕಲ್ಲುಕಟ್ಟೆ, ಮುಳ್ಳು, ಮರದ ಬುಡದಲ್ಲಿ ಸುತ್ತಿಟ್ಟ ಪ್ಲಾಸ್ಟಿಕ್ ಬಲೆ. ಅಮ್ಮನಿಗೆ ಇದು ಯಾವುದೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸುವ ಹೆಂಗಸು ಕಂಡರೆ ನಿಲ್ಲುವುದು, ಅವಳ ವಯಸ್ಸು ನೋಡುವುದು, ಮುಖ ನೋಡುವುದು, 'ಇವಳಾ?' ಎಂದು ನನ್ನನ್ನು ಕೇಳುವುದು. ಒಬ್ಬಳು ದೂರದಿಂದ ಕೈ ಬೀಸಿದಳು. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದರು. ಅವಳು ನಮ್ಮ ಹಿಂದೆ ಬರುತ್ತಿದ್ದ ತನ್ನ ನಾಯಿಯನ್ನು ಕರೆದದ್ದು. ಇಷ್ಟು ವಯಸ್ಸಾದ ಹೆಂಗಸಿಗೆ ಇಂಥ ಗತಿ ತಂದಿಟ್ಟಿರಲ್ಲ, ನಿಮಗೆ ಎಂತ ಹೇಳಬೇಕು?

ಮಧ್ಯಾಹ್ನ ಹಸಿವಾಗಿ ಊರ ಬಾಗಿಲ ಪಕ್ಕದ ಸಣ್ಣ ಹೋಟೆಲಿಗೆ ಹೋದೆವು. ಅಮ್ಮನ ಚೀಲದಲ್ಲಿ ಗೊಜ್ಜವಲಕ್ಕಿ ಇತ್ತು. ಕಾಫಿ ಕುಡಿದರೆ ಹೋಟೆಲಿನವನು ಅದನ್ನು ತಿನ್ನಲು ಬಿಡುತ್ತಾನೇನೋ ಎಂದು ನನ್ನ ಲೆಕ್ಕ. ಯಜಮಾನ ನಿಮ್ಮ ಪ್ರಾಯದ ಮುದುಕ, ಜರ್ಮನ್ ಚೆನ್ನಾಗಿಯೇ ಬರುತ್ತಿತ್ತು. ಎಲ್ಲಿಂದ ಎಂದು ಕೇಳಿದ. ಆಖೆನ್ ಎಂದೆ. "ಆಖೆನ್! ನಮ್ಮ ಪ್ರೊಫೆಸ್ಸೋರೆಯ ಊರು! ಅವರೂ ಇಂಡಿಯಾದವರೇ, ಗೊತ್ತಾ?" ಎಂದ. ಅಮ್ಮ ಮೊಬೈಲಿನಲ್ಲಿ ನಿಮ್ಮ ಫೋಟೊ ತೋರಿಸಿ, ತಾನು ಹೆಂಡತಿ, ಅವರೀಗ ಇಲ್ಲ ಎಂದರು. ಆ ಮುದುಕ ಅಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತ, ಮೇಷ್ಟ್ರೇ. ನಿಮ್ಮ ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಹಾಗೆ ಅಳಲಿಲ್ಲ. ಆಮೇಲೆ ನಮ್ಮನ್ನು ಮೂಲೆಯ ಮೇಜಿಗೆ ಕೂರಿಸಿದ, ಅದು ನಿಮ್ಮ ಮೇಜಂತೆ. ಒಳಗೆ ಹೋಗಿ ತಟ್ಟೆ ತಂದಿಟ್ಟ, ನಿಮ್ಮ ಊಟವಂತೆ, ದುಡ್ಡು ಬೇಡವಂತೆ. ಬೆಂಕಿಯಲ್ಲಿ ಸುಟ್ಟ ಮೀನು. ತಲೆ, ಬಾಲ, ಕಣ್ಣು ಎಲ್ಲ ಇದ್ದ ಮೀನು.

"ಇದೇನೋ?" ಎಂದರು ಅಮ್ಮ.

"ಬೂತಾಯಿ ಅಮ್ಮ. ಮೀನು."

"ದಿನಾ ತಿನ್ತಿದ್ರು," ಎಂದ ಮುದುಕ ಹೆಮ್ಮೆಯಿಂದ. "ಫೋರ್ಕ್ ಮುಟ್ಟುತ್ತಿರಲಿಲ್ಲ. ಕೈಯಲ್ಲೇ. ಒಂದು ಮುಳ್ಳಿನಲ್ಲೂ ಮಾಂಸ ಬಿಡುತ್ತಿರಲಿಲ್ಲ."

ಅಮ್ಮ ಆ ತಟ್ಟೆಯನ್ನೇ ನೋಡುತ್ತಿದ್ದರು. ಅಳುತ್ತಾರೆ ಎಂದುಕೊಂಡೆ. "ಇಷ್ಟಕ್ಕಾ?" ಎಂದರು. ಇನ್ನೂ ಜೋರಾಗಿ, "ಇಷ್ಟಕ್ಕಾ ಜಗದೀಶ? ಒಬ್ಬಳು ಹೆಂಗಸಾದ್ರೂ ಇದ್ದಿದ್ರೆ ಏನೋ ಒಂದು ಅಂತ ಅರ್ಥ ಆಗ್ತಿತ್ತು. ಮೀನು ತಿನ್ನೋಕೆ ನನ್ನನ್ನ ಬಿಟ್ಟು ಬರ್ತಿದ್ರಾ ಈ ಮನುಷ್ಯ? ನನಗೆ ಒಂದು ಮಾತು ಹೇಳೋ ಧೈರ್ಯ ಇರಲಿಲ್ವಾ?"

ಧೈರ್ಯ! ನನಗೆ ಆಗ ನೆನಪಾದದ್ದು ನಾನು ಬಂದ ಮೊದಲ ವರ್ಷದ ಚಳಿಗಾಲ. ಹಾಸ್ಟೆಲಿನಲ್ಲಿ ಮೀನು ಹುರಿದೆ ಎಂದು ಯಾರೋ ನಿಮಗೆ ಚಾಡಿ ಹೇಳಿದ್ದರು. ನೀವು ಎಲ್ಲರೆದುರು, "ಆ ವಾಸನೆ ಇಟ್ಕೊಂಡು ನಮ್ಮ ಅಡುಗೆಮನೆ ಕಡೆ ಬರಬೇಡ" ಎಂದಿರಿ. ಅವತ್ತಿನಿಂದ ಉಳಿದ ಹುಡುಗರಿಗೆ ಒಳಗೆ ಸ್ಟೀಲ್ ತಟ್ಟೆ, ನನಗೆ ಹೊರಗಿನ ಕೋಣೆಯಲ್ಲಿ ಪೇಪರ್ ಪ್ಲೇಟ್. ಥೀಸಿಸ್ ನಿಮ್ಮ ಕೈಯಲ್ಲಿತ್ತು, ಅದಕ್ಕೆ ತಲೆ ತಗ್ಗಿಸಿ ಉಂಡೆ. ಆ ಬೇಸಿಗೆಯೂ ನೀವು ಆ ಮೂಲೆಯ ಮೇಜಿನಲ್ಲಿ ಕೂತು ಮುಳ್ಳು ಚೀಪುತ್ತಿದ್ದಿರಿ, ಅಲ್ಲವಾ? ಯಾರು ಕಲಿಸಿದರು ನಿಮಗೆ? ಮೊದಲ ತುತ್ತು ಬಾಯಿಗಿಟ್ಟಾಗ ಒಂದು ಸಲವಾದರೂ ನನ್ನ... ಹೋಗಲಿ ಬಿಡಿ. ನಾಚಿಕೆಗೆಟ್ಟವರು ನೀವು. ಇಷ್ಟು ವರ್ಷ ಹೇಳಬೇಕೆಂದಿದ್ದೆ, ಹೇಳಿದೆ.

ಅಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ತಿನ್ನು, ಆರಿ ಹೋಗುತ್ತೆ." ತಿಂದೆ. ಬರೀ ಉಪ್ಪು, ನಿಂಬೆಹುಳಿ, ಆ ಹಾಳು ಎಣ್ಣೆ. ಮೆಣಸಿಲ್ಲ, ಹುಣಸೆಹುಳಿಯಿಲ್ಲ. ಇದಕ್ಕೆ ಆಲ್ಪ್ಸ್ ದಾಟಿ ಬರಬೇಕಿತ್ತಾ ಮೇಷ್ಟ್ರೇ? ನಿಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ನಾನಿದ್ದೆ. ಒಂದು ಮಾತು ಹೇಳಿದ್ದರೆ ನನ್ನಮ್ಮ ಕಳಿಸಿದ ಮಸಾಲೆ ಹಾಕಿ ಹುರಿದು, ಕರ್ಟನ್ ಎಳೆದು ಬಡಿಸುತ್ತಿದ್ದೆ. ಯಾರಿಗೂ ಹೇಳುತ್ತಲೂ ಇರಲಿಲ್ಲ. ಅಷ್ಟು ಸಿಟ್ಟಿದ್ದರೂ ಬಡಿಸುತ್ತಿದ್ದೆ, ನೋಡಿ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುವುದು.

ವಾಪಸು ಬರುವಾಗ, ಸ್ವಿಸ್ ಸುರಂಗದೊಳಗೆ ಕಾರು ಸಾಲಾಗಿ ನಿಂತಿದ್ದಾಗ, ಅಮ್ಮ ಬಾಯಿ ಬಿಟ್ಟರು. "ನಿಮ್ಮ ಕಡೆ ಹೋದವರಿಗೆ ಮೀನೆಲ್ಲ ಇಡ್ತಾರಂತಲ್ಲ, ಹೌದೇನೋ?" ಹೌದು, ಅಗೆಲು ಬಡಿಸುವುದು ಎನ್ನುತ್ತೇವೆ, ಅವರಿಗೆ ಇಷ್ಟವಾದದ್ದೆಲ್ಲ ಎಲೆಗೆ ಹಾಕುತ್ತೇವೆ ಎಂದೆ. "ನಮ್ಮಲ್ಲೂ ಇಷ್ಟವಾದದ್ದೇ ಮಾಡೋದು," ಎಂದರು. "ಇವರಿಗೆ ತಿಥಿಯ ದಿನ ನಾನು ಹಯಗ್ರೀವ ಮಾಡಿ ಬಡಿಸಿದ್ದೆ. ದಡ್ಡಿ ನಾನು."

ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಅಮ್ಮನ ಫೋನು: ಮೀನು ತಗೊಂಡು ಬಾ, ಮಸಾಲೆಯನ್ನೂ ತಗೊಂಡು ಬಾ. ಟರ್ಕಿಯವನ ಅಂಗಡಿಯಿಂದ ಬೂತಾಯಿ ತಂದೆ. ಯಾವ ಅಡುಗೆಮನೆಗೆ ಕಾಲಿಡಬೇಡ ಎಂದಿದ್ದಿರೋ ಅಲ್ಲೇ, ನಿಮ್ಮ ಒಲೆಯ ಮೇಲೆಯೇ ಹುರಿದೆ. ಹೊಗೆಗೆ ರೌಖ್‌ಮೆಲ್ಡರ್ ಅಲಾರಂ ಲಬೋ ಲಬೋ ಎಂದು ಬಡಿದುಕೊಂಡಿತು. ಅಮ್ಮ ಮೂಗಿಗೆ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದರು. ಊಟದ ಕೋಣೆಯಲ್ಲಿ ಎಲೆ ಹಾಕಿ ಅನ್ನ, ಸಾರು, ಮೀನು ಬಡಿಸಿದೆವು. ಇನ್ನು ಹೊರಗೆ ಬನ್ನಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಡಬೇಕು, ಬದುಕಿರುವವರ ಕಣ್ಣೆದುರು ಹೋದವರು ಉಣ್ಣುವುದಿಲ್ಲ ಎಂದೆ.

"ಮುಚ್ಚಬೇಡ," ಎಂದರು ಅಮ್ಮ. "ಕದ್ದು ತಿಂದಿದ್ದು ಸಾಕು. ಇವತ್ತು ನನ್ನೆದುರಿಗೇ ತಿನ್ನಲಿ." ಕುರ್ಚಿ ಎಳೆದುಕೊಂಡು ನಿಮ್ಮ ಎಲೆಯ ಎದುರು ಕೂತರು.