ಕ್ಲಚ್ ಇಲ್ಲದ ಕಾರು

ಹಾಸನ
೧೨ ಫೆಬ್ರವರಿ ೧೯೬೧

ಹೊಳೆನರಸೀಪುರದ ಯಜಮಾನರಾದ ಗಂಗಾಧರಯ್ಯನವರಿಗೆ ಡ್ರೈವರ್ ಲಕ್ಕಯ್ಯನ ನಮಸ್ಕಾರಗಳು.

ತಾವು ಹೇಳಿದ ಅಮೇರಿಕದ ಹಳೇ ಕಾರನ್ನು ಈ ದಿನ ನೋಡಿದೆ. ಕ್ಲಚ್ ಪೆಡಲ್ಲೇ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಎಡಗಾಲು ತೆಗೆಸಿಕೊಂಡ ತಮಗೆ ಓಡಿಸಲು ಬಲಗಾಲೊಂದೇ ಸಾಕು. ಗೇರ್‌ಬಾಕ್ಸಿನ ಎಣ್ಣೆ ಇರಬೇಕಾದಂತೆ ಕೆಂಪಗಿದೆ, ಸುಟ್ಟ ವಾಸನೆಯಿಲ್ಲ. ಸಾಲಗಾಮೆ ರಸ್ತೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದೆ, ಎಲ್ಲೂ ಜಗ್ಗಲಿಲ್ಲ.

ಜೊತೆಗೆ ಬಂದಿದ್ದ ನನ್ನ ಭಾವಮೈದುನ ತಮ್ಮಯ್ಯ, "ಗೇರ್‌ಬಾಕ್ಸ್ ಓಗೈತೆ ಅಂತ ಬರ್ದ್ಬುಡು ಭಾವ. ಅವ್ರೇ ಓಡ್ಸಾಕೆ ಸುರು ಮಾಡುದ್ರೆ ನಿನ್ನ್ಯಾಕೆ ಇಟ್ಕತಾರೆ?" ಎಂದ.

ಆ ಮಾತು ಕೇಳಿದ ಮೇಲೆ ಇನ್ನೊಂದು ಸಲ ಹತ್ತಿ ಕೂತು, ರಿವರ್ಸಿನಲ್ಲೇ ಏರು ಹತ್ತಿಸಿದೆ. ಸುಳ್ಳೇಕೆ ಹೇಳಲಿ, ಏನಾದರೂ ಸದ್ದು ಬರಲಿ ಎಂದೇ ಕಿವಿಗೊಟ್ಟಿದ್ದೆ. ಬರಲಿಲ್ಲ. ಗೇರ್‌ಬಾಕ್ಸ್ ಚೆನ್ನಾಗಿದೆ, ತಾವು ಕೊಳ್ಳಬಹುದು.

ಒಪ್ಪಿಗೆಯಾದರೆ ಶನಿವಾರ ತಂದು ಮನೆ ಬಾಗಿಲಿಗೆ ನಿಲ್ಲಿಸುತ್ತೇನೆ. ಬ್ರೇಕಿನ ಹದ ಸಿಗುವವರೆಗೆ ಒಂದು ವಾರ ತಮ್ಮ ಪಕ್ಕದಲ್ಲಿ ಕೂರುತ್ತೇನೆ. ಆಮೇಲೆ, ಹದಿನಾಲ್ಕು ವರ್ಷ ತಮ್ಮ ಕಾರು ಓಡಿಸಿದ್ದೇನೆಂದು ಅರಕಲಗೂಡಿನ ಬಸ್ ಮಾಲೀಕರಿಗೆ ಎರಡು ಸಾಲು ಬರೆದುಕೊಡಬೇಕು.

ತಮ್ಮ ವಿಧೇಯ,
ಲಕ್ಕಯ್ಯ