ಹಿಂತಿರುಗಿ ನೋಡದ ಅಣ್ಣ

ಮೂರನೇ ಮಹಡಿಯ ಮನೆ,
ಸೋಮವಾರ, ಮಾರ್ಚ್ ೧೪

ಪ್ರೀತಿಯ ಅಣ್ಣಾ,

ನಿನ್ನ ಎಡಗಿವಿಯ ಗುಂಯ್ ಸದ್ದು ಕಡಿಮೆಯಾಯಿತೇ? ಡಾಕ್ಟರ ಹತ್ತಿರ ಹೋಗೆಂದರೆ ಹೋಗುವವನಲ್ಲ ನೀನು. ಅತ್ತಿಗೆಯೇ ಎಳೆದುಕೊಂಡು ಹೋಗಬೇಕು. ದಿನವಿಡೀ ಲಿಫ್ಟ್ ರಿಪೇರಿ ಮಾಡುವವನಿಗೆ ಸೊಂಟನೋವು ಬೇರೆ. ಅಮ್ಮ ಚೆನ್ನಾಗಿದ್ದಾಳೆ, ದಿನಕ್ಕೆರಡು ಸಲ ನಿನ್ನ ಮಾತೆತ್ತುತ್ತಾಳೆ.

ಹೊಸ ಆಲ್ಬಮ್ ಮುಗಿಯಿತು. ಸ್ಟುಡಿಯೋ ಬೇಡ, ಜನರೆದುರೇ ಹಾಡಿ ರೆಕಾರ್ಡ್ ಮಾಡೋಣ ಎಂದು ಕಂಪನಿಯ ಮ್ಯಾನೇಜರಮ್ಮ ಹಟ ಹಿಡಿದರು. ವಾದ್ಯ ರಿಪೇರಿ ಅಂಗಡಿಯ ಹಿಂದಿನ ಕೋಣೆ, ಮೂವತ್ತೈದು ಕುರ್ಚಿ, ನಾನು, ನನ್ನ ಗಿಟಾರು. ಬೀದಿಯ ಸದ್ದು ಒಳಗೆ ಬರದಿರಲೆಂದು ಕಿಟಕಿಗಳಿಗೆಲ್ಲ ಕಂಬಳಿ ಬಡಿದಿದ್ದರು. ಮುಂದಿನ ಸಾಲಿನವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಇದ್ದೊಂದು ಬಾಗಿಲು ಅವರೆಲ್ಲರ ಬೆನ್ನ ಹಿಂದೆ. ಎದ್ದು ಹೋಗುತ್ತೇನೆಂದರೂ ಮೂವತ್ತೈದು ಜನರನ್ನು ದಾಟಿಯೇ ಹೋಗಬೇಕು.

ಹೊಸ ಹಾಡು ಒಂಬತ್ತು ಹಾಡಿದೆ. ಚಪ್ಪಾಳೆ ಬಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರು ಕಾದು ಕೂತಿದ್ದು ‘ಹಿಂತಿರುಗಿ ನೋಡದ ಅಣ್ಣ’ ಹಾಡಿಗೇ. ಎಂಟು ವರ್ಷದಿಂದ ಅದನ್ನು ಹಾಡದೆ ಯಾವ ವೇದಿಕೆಯಿಂದಲೂ ಇಳಿದಿಲ್ಲ ನಾನು. ನೀನೋ, ಲಿಫ್ಟ್ ಕೆಲಸಕ್ಕೆಂದು ಊರು ಬಿಟ್ಟಾಗ ತಿರುಗಿ ತಿರುಗಿ ನೋಡುತ್ತಲೇ ಹೋದವನು. ನಮ್ಮ ರಾಕ್ ಬ್ಯಾಂಡಿನಿಂದ ಕಂಪನಿಗೆ ನಾನೊಬ್ಬಳೇ ಸಾಕಂತೆ, ನಿನ್ನ ಡ್ರಮ್ಸ್ ಬೇಡವಂತೆ ಎಂದು ನಾನು ಬಂದು ಹೇಳಿದಾಗ, ‘ಹೋಗ್ಲಿ ಬಿಡೇ, ನೀನಾದ್ರೂ ಹಾಡು’ ಎಂದು ಡ್ರಮ್ಮುಗಳಿಗೆ ಹಳೆಯ ಬೆಡ್‌ಶೀಟ್ ಸುತ್ತಿಟ್ಟವನು. ಹಾಡಿನಲ್ಲಿ ಮಾತ್ರ ನೀನು ಕಲ್ಲೆದೆಯವನು, ತಂಗಿಯನ್ನು ನಡುದಾರಿಯಲ್ಲಿ ಬಿಟ್ಟವನು. ಗುರುತು ಪರಿಚಯವಿಲ್ಲದವರು ನನ್ನ ಕೈ ಹಿಡಿದುಕೊಂಡು ನಿನ್ನನ್ನು ಬೈಯುತ್ತಾರೆ. ನಾನು ತಲೆಯಾಡಿಸುತ್ತೇನೆ.

ಆವತ್ತು ಆ ಹಾಡು ಮುಗಿಯುತ್ತಲೇ ಮುಂದಿನ ಸಾಲಿನ ಅಜ್ಜಿಯೊಬ್ಬರು, ಪಕ್ಕದ ಮನೆಯವರನ್ನು ಕೇಳುವಷ್ಟು ಸಲೀಸಾಗಿ, ‘ಆ ಹುಡುಗ ಈಗ ಎಲ್ಲಿದಾನಮ್ಮಾ?’ ಎಂದರು. ಹನ್ನೊಂದು ಸೆಕೆಂಡು ಸುಮ್ಮನಿದ್ದೆನಂತೆ. ರೆಕಾರ್ಡಿಸ್ಟ್ ಲೆಕ್ಕ ಹಾಕಿದ್ದಾನೆ. ಆಮೇಲೆ, ‘ಗೊತ್ತಿಲ್ಲಮ್ಮ, ಕಾಯ್ತಾ ಇದೀನಿ’ ಎಂದೆ. ಕೋಣೆಗೆ ಕೋಣೆಯೇ ಅತ್ತಿತು. ನಿನ್ನ ವಿಳಾಸ ನನ್ನ ಪರ್ಸಿನಲ್ಲೇ ಇತ್ತು, ಅಣ್ಣಾ.

ಅಜ್ಜಿಯ ಪ್ರಶ್ನೆ, ನನ್ನ ಉತ್ತರ, ಅದೊಂದನ್ನು ರೆಕಾರ್ಡಿನಿಂದ ತೆಗೆದುಬಿಡಿ ಎಂದು ಎಷ್ಟು ಬೇಡಿದೆನೆಂದರೆ, ಮ್ಯಾನೇಜರಮ್ಮನ ಕಾಲು ಹಿಡಿಯುವುದೊಂದು ಬಾಕಿಯಿತ್ತು. ‘ನಿಂಗೇನು ಹುಚ್ಚಾ? ಇಡೀ ಆಲ್ಬಮ್ಮಿನ ಜೀವ ಇರೋದೇ ಅಲ್ಲಿ’ ಎಂದು ನಕ್ಕರು. ನಾನು ಮೊದಲೇ ಒಪ್ಪಂದಕ್ಕೆ ಸಹಿ ಹಾಕಿಕೊಟ್ಟಾಗಿದೆ. ಶುಕ್ರವಾರ ಬಿಡುಗಡೆ. ಬಿಡುಗಡೆಯಂತೆ! ಆಮೇಲೆ ನಲವತ್ತು ಊರು, ನಲವತ್ತು ಸಲ ಅದೇ ಹಾಡು. ಆ ಮೌನವನ್ನೂ ಹಾಗೇ ಅಭ್ಯಾಸ ಮಾಡಿಕೋ ಎಂದಿದ್ದಾರೆ.

ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ ನಿನ್ನ
ಕೀರಲು ಗಂಟಲಿನ ತಂಗಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಡ್ರಮ್ಸ್ ಬೇಡವೆಂದು ಕಂಪನಿಯವರು ಹೇಳಿರಲೇ ಇಲ್ಲ. ನಮ್ಮಿಬ್ಬರನ್ನೂ ಕರೆದಿದ್ದರು. ನೀನು ಬಾರಿಸಲು ಕೂತರೆ ಜನ ನಿನ್ನನ್ನೇ ನೋಡುತ್ತಿದ್ದರು, ನನಗದನ್ನು ಸಹಿಸಲಾಗಲಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಬಂದು ಬೈಯಿ.