ಮೂವತ್ತೊಂದು, ಮೂವತ್ತೆರಡನೆಯ ಸಾಲು

ಕರೆಗುಡ್ಡ,
ಫಾಲ್ಗುಣದ ಮೂವತ್ತೆಂಟನೆಯ ದಿನ, ೨೨೧೪

ಮುತ್ತಜ್ಜಿ ಈರಮ್ಮನವರಿಗೆ,

ತಾರೀಖು ಕಂಡು ಹುಚ್ಚಿಯ ಕಾಗದವೆಂದು ಎಸೆಯಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಸತ್ತವರಿಗೆ ಅವರು ಬದುಕಿದ್ದ ದಿನಕ್ಕೆ ಬರೆಯುವ ಪತ್ರ. ತಲುಪಿದ್ದನ್ನು ಯಾರೂ ಕಂಡಿಲ್ಲ. ನಿಮಗೀಗ ಇಪ್ಪತ್ತಾರು, ನಿಮ್ಮ ಆರನೆಯ ತಲೆಮಾರಿನ ನನಗೆ ಐವತ್ತೊಂದು. ಆದರೂ ಮುತ್ತಜ್ಜಿ ಎಂದೇ ಕರೆಯುತ್ತೇನೆ. ಬೈಯಲು ಆ ಸಲುಗೆ ಬೇಕು.

ನೀವು ಗುಡ್ಡದ ಮೇಲೆ ಸಾಲುಸಾಲಾಗಿ ಡ್ರೋನ್ ಹಾರಿಸಿ, ಅಗೆಯದೆಯೇ ನೆಲದೊಳಗನ್ನು ಅಳೆದು ಮಾಡಿದ ನಕ್ಷೆಯೇ ನಮ್ಮೂರಿನ ಅನ್ನ. ಕೆಂಪಿದ್ದಲ್ಲಿ ತಾಮ್ರ, ನೀಲಿ ಇದ್ದಲ್ಲಿ ನೀರು. ಹಾರುವ ಯಂತ್ರಗಳು ನಿಂತು ಎರಡು ತಲೆಮಾರಾಯಿತು, ಹೊಸ ನಕ್ಷೆ ಮಾಡುವವರಿಲ್ಲ. ಬೆಳಿಗ್ಗೆ ಗಂಜಿ ಕುಡಿದು, ಬುತ್ತಿ ಕಟ್ಟಿಕೊಂಡು, ನಕ್ಷೆ ಮುಟ್ಟಿ ಕಣ್ಣಿಗೊತ್ತಿಕೊಂಡು ಸುರಂಗಕ್ಕಿಳಿಯುತ್ತೇವೆ. ಸಿಕ್ಕ ತಾಮ್ರದಿಂದ ತಂತಿ ಎಳೆದು, ಉಪ್ಪುನೀರನ್ನು ಸಿಹಿಮಾಡುವ ಯಂತ್ರ ನಡೆಸುತ್ತೇವೆ. ಆ ಹಾರಾಟದ ವಿವರ ನೀವು ಬರೆದಿಟ್ಟ ನೋಟ್‌ಬುಕ್ಕನ್ನು ಆಯುಧಪೂಜೆಯ ದಿನ ನಕ್ಷೆಯ ಪಕ್ಕ ಇಟ್ಟು ಕುಂಕುಮ ಹಚ್ಚುತ್ತೇವೆ. ಅದಕ್ಕೆ ಸುತ್ತಿದ ಅರಿಶಿನದ ದಾರವನ್ನು ಇದುವರೆಗೆ ಯಾರೂ ಬಿಚ್ಚಿರಲಿಲ್ಲ. ಪೂಜೆಗಿಟ್ಟದ್ದನ್ನು ಬಿಚ್ಚಬಾರದು ಎಂದೇ ನಾನೂ ಮಕ್ಕಳಿಗೆ ಹೇಳಿದವಳು.

ಮೊನ್ನೆ ನನ್ನ ಮಗಳು ಸಂಕವ್ವ ಹತ್ತು ಜನರೊಂದಿಗೆ ಹೊಸ ಸುರಂಗ ಕೊರೆಯಲು ಹೊರಟಳು. ಯಾಕೋ ಬೇಡ ಎಂದೆ. "ಮುತ್ತಜ್ಜಿ ನಕ್ಷಿ ಐತಲ್ಲವ್ವಾ, ಯಾಕ ಅಂಜತಿ?" ಅಂದಳು. ನಕ್ಷೆಯಲ್ಲಿ ಅಲ್ಲಿ ಅಚ್ಚ ಕೆಂಪು. ಬಂಡೆ ಒಡೆದಾಗ ನುಗ್ಗಿದ್ದು ನೀರು. ಹನ್ನೊಂದು ಜನರೂ ಸುರಂಗದ ಎತ್ತರದ ಕವಲಿನಲ್ಲಿ ಸಿಕ್ಕಿಕೊಂಡಿದ್ದಾರೆ. ಗಾಳಿಕೊಳವೆಯನ್ನು ಒಬ್ಬೊಬ್ಬರೂ ಒಂದೊಂದು ಸಲ ಬಡಿದು, ಇದ್ದೇವೆ ಎಂದು ತಿಳಿಸುತ್ತಾರೆ. ಮೇಲಿನಿಂದ ಕೊರೆದು ಎತ್ತೋಣವೆಂದರೆ ನೀರು ಎಲ್ಲಿಂದ ಎಲ್ಲಿಯವರೆಗಿದೆಯೋ ಗೊತ್ತಿಲ್ಲ. ಜಾಗ ತಪ್ಪಿದರೆ ನಾವೇ ಕೈಯಾರೆ ಮುಳುಗಿಸಿದ ಹಾಗೆ.

ಇವತ್ತು ದಾರ ಕಿತ್ತು ನಿಮ್ಮ ನೋಟ್‌ಬುಕ್ ತೆರೆದೆ. ಅಕ್ಷರ ಮುದ್ದಾಗಿದೆ. "ಸಾಲು ಮೂವತ್ತೊಂದು, ಮೂವತ್ತೆರಡು: ಹದ್ದಿನ ಗೂಡಿದೆ, ಎರಗಿ ಬರುತ್ತದೆ, ಹಾರಿಸಲಿಲ್ಲ. ಅಕ್ಕಪಕ್ಕದ ಸಾಲು ನೋಡಿ ಬಣ್ಣ ತುಂಬಿದ್ದೇನೆ." ಸಂಕವ್ವ ಕೊರೆದದ್ದು ಆ ಸಾಲುಗಳ ಕೆಳಗೇ. ನೀವು ಮುಚ್ಚಿಡಲಿಲ್ಲ, ಒಪ್ಪುತ್ತೇನೆ. ಓದದೆ ಕುಂಕುಮ ಹಚ್ಚಿದವರು ನಾವು. ಆದರೂ ಬೈಯದೆ ಇರಲಾರೆ, ಮುತ್ತಜ್ಜಿ. ಒಂದು ಹದ್ದಿಗೆ ಹೆದರಿ ಕೆಂಪು ಬಳಿದುಬಿಟ್ಟಿರಲ್ಲ.

ಕಾಲು ಹಿಡಿದು ಕೇಳುತ್ತೇನೆ. ಹದ್ದಿನ ಮರಿಗಳು ಹಾರಿಹೋಗುವವರೆಗೆ ಕಾದು, ಆ ಎರಡು ಸಾಲು ಹಾರಿಸಿ. ಇಪ್ಪತ್ತು ನಿಮಿಷದ ಕೆಲಸ, ಒಂದು ಬ್ಯಾಟರಿ ಸಾಕು. ನೀವು ಹಾರಿಸಿದರೆ ನನ್ನ ಕೈಯಲ್ಲಿರುವ ನಕ್ಷೆಯ ಬಣ್ಣ ಬದಲಾಗಬೇಕಲ್ಲವೇ? ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೊಳವೆಯ ಬಾಯಿಯ ಹತ್ತಿರ ಕೂತಿದ್ದೇನೆ. ಬೆಳಿಗ್ಗೆ ಹನ್ನೊಂದು ಬಡಿತ ಕೇಳಿದ್ದವು. ಈಗ ಏಳು. ಅದರಲ್ಲಿ ನನ್ನ ಸಂಕವ್ವನದು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಬೇಗ ಹಾರಿಸಿ. ನಕ್ಷೆ ಇನ್ನೂ ಕೆಂಪಗೇ ಇದೆ.

ನಿಮ್ಮವಳೇ,
ಪಂಪವ್ವ